ಶಾಸಕರು ಆ ಕಡೆ, ಸಂಸದರು ಈ ಕಡೆ. ಸಭೆಗೆ ಮಾತ್ರ ಎಲ್ಲರೂ ಬನ್ನಿ

ಮಾನ್ಯ ಸಂಪಾದಕರೇ,

2024ರ ಜೂನ್ 4ಕ್ಕೆ ಲೋಕಸಭೆ ಚುನಾವಣೆಯ ಫಲಿತಾಂಶ ಬಂದಾಗಿನಿಂದ ಪತ್ರಿಕೆ, ಟಿವಿ ಎಲ್ಲದರಲ್ಲೂ ದೆಹಲಿಯ ಲೆಕ್ಕವೇ ಜಾಸ್ತಿ. ಬಿಜೆಪಿಗೆ 240, ಬಹುಮತಕ್ಕೆ ಬೇಕಾದ್ದು 272, ಚಂದ್ರಬಾಬು ನಾಯ್ಡು ಅವರ 16, ನಿತೀಶ್ ಕುಮಾರ್ ಅವರ 12. ಕರ್ನಾಟಕದಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಎಲ್ಲ ಸರಿ. ಆದರೆ ನಮ್ಮ ಕೊಡಗಿನ ಲೆಕ್ಕವನ್ನು ಯಾರೂ ಹಾಕಿದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಕತ್ತರಿ ಹಾಕುವುದಿದ್ದರೆ ಆನೆಯ ವಿಷಯ ಬಿಟ್ಟು ಬೇರೆ ಎಲ್ಲಾದರೂ ಹಾಕಿ.

ನಾನು ಸುಂಟಿಕೊಪ್ಪದ ಕಡೆಯ ಸಣ್ಣ ಕಾಫಿ ಬೆಳೆಗಾರ್ತಿ. ಹಿಂದೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಯಾವ ಪಕ್ಷದ ಸದಸ್ಯತ್ವದ ರಶೀದಿಯೂ ನನ್ನ ಹತ್ತಿರ ಇಲ್ಲ. ಮನೆಯವರು ಒಂದು ಪಕ್ಷಕ್ಕೆ ಕಟ್ಟಾಳು, ಮೈದುನ ಇನ್ನೊಂದಕ್ಕೆ. ಎಣಿಕೆಯ ದಿನ ಇಬ್ಬರೂ ಒಂದೇ ಟಿವಿ ಮುಂದೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಅರ್ಧ ಖುಷಿ, ಅರ್ಧ ಬೇಜಾರು. ಮೈದುನ, "ಅತ್ತಿಗೆ, ಈ ಸಲ ಯಾರು ಗೆದ್ದರು ಅಂತ ನೀವೇ ಹೇಳಿ" ಅಂದ. ಯೋಚನೆ ಮಾಡಿದರೆ ಅದು ಒಳ್ಳೆಯ ಪ್ರಶ್ನೆಯೇ.

ಲೆಕ್ಕ ನೋಡಿ. ಮಡಿಕೇರಿ ಶಾಸಕ ಡಾ. ಮಂತರ್ ಗೌಡ, ವಿರಾಜಪೇಟೆ ಶಾಸಕ ಎ.ಎಸ್. ಪೊನ್ನಣ್ಣ, ಇಬ್ಬರೂ ಕಾಂಗ್ರೆಸ್. ರಾಜ್ಯ ಸರ್ಕಾರವೂ ಕಾಂಗ್ರೆಸ್. ಮೈಸೂರು-ಕೊಡಗಿನ ಸಂಸದರಾಗಿ ಈಗ ಗೆದ್ದಿರುವ ಯದುವೀರ್ ಒಡೆಯರ್ ಬಿಜೆಪಿ. ಕೇಂದ್ರದಲ್ಲಿ ಬಿಜೆಪಿ, ಅದೂ ಮಿತ್ರಪಕ್ಷಗಳ ಕೈ ಹಿಡಿದುಕೊಂಡು. ಪಂಚಾಯಿತಿ ಸದಸ್ಯರ ಮತದಿಂದ ವಿಧಾನ ಪರಿಷತ್ತಿಗೆ ಹೋಗಿರುವ ಸುಜಾ ಕುಶಾಲಪ್ಪ ಬಿಜೆಪಿ. ಜೂನ್ 3ಕ್ಕೆ ನಾವು ಪದವೀಧರರು ಮತ ಹಾಕಿದ ನೈರುತ್ಯ ಕ್ಷೇತ್ರದಲ್ಲಿ ಡಾ. ಧನಂಜಯ ಸರ್ಜಿ, ಬಿಜೆಪಿ. ಶಿಕ್ಷಕರ ಕ್ಷೇತ್ರದಲ್ಲಿ ಎಸ್.ಎಲ್. ಭೋಜೇಗೌಡ, ಜೆಡಿಎಸ್. ಇಷ್ಟು ಸಣ್ಣ ಜಿಲ್ಲೆಗೆ ಮೂರು ಪಕ್ಷದ ಜನಪ್ರತಿನಿಧಿಗಳು! (ಪದವೀಧರರ ಮತ ಹಾಕಲು ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಹೆಸರಿನ ಮುಂದೆ 1, 2 ಅಂತ ಬರೆಯಬೇಕು. ನನಗೆ ಆ ಪದ್ಧತಿ ಇಷ್ಟ. ಮೊದಲನೆಯವರು ಬೇಡವಾದರೆ ಎರಡನೆಯವರೂ ಆಗಬಹುದು ಅಂತ ಹೇಳಲು ಅವಕಾಶ ಸಿಗುವುದು ಅಲ್ಲಿ ಮಾತ್ರ.)

ಮಂತರ್ ಗೌಡರ ತಂದೆ ಎ. ಮಂಜು ಅರಕಲಗೂಡಿನ ಜೆಡಿಎಸ್ ಶಾಸಕರು. ಅಂದರೆ ನಮ್ಮ ಶಾಸಕರ ಮನೆಯೂ ನಮ್ಮ ಮನೆಯ ಹಾಗೇ.

ಸರ್ಕಾರ ಎರಡಾದದ್ದು ನನ್ನ ಮೊಬೈಲಿಗೂ ಗೊತ್ತು. ನನ್ನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳ ಲೆಕ್ಕದಲ್ಲಿ ರಾಜ್ಯದಿಂದ ಬರುತ್ತದೆ. ಮನೆಯವರ ಖಾತೆಗೆ ಕಿಸಾನ್ ಸಮ್ಮಾನ್‌ನ 2,000 ನಾಲ್ಕು ತಿಂಗಳಿಗೊಮ್ಮೆ ಕೇಂದ್ರದಿಂದ ಬರುತ್ತದೆ. ಕಿಸಾನ್ ಸಮ್ಮಾನ್‌ಗೆ ಯಡಿಯೂರಪ್ಪನವರ ಸರ್ಕಾರ ವರ್ಷಕ್ಕೆ 4,000 ಸೇರಿಸಿ ಕೊಡುತ್ತಿತ್ತು. 2023ರಲ್ಲಿ ಸರ್ಕಾರ ಬದಲಾಯಿತು, ಅದು ನಿಂತಿತು. ಗೃಹಲಕ್ಷ್ಮಿ ಬಂತು. ಕೂಡಿ ಕಳೆದರೆ ನಮ್ಮ ಮನೆಗೆ ನಷ್ಟ ಇಲ್ಲ ಅನ್ನಿ. ಆದರೆ ಒಬ್ಬರು ಇಟ್ಟಿದ್ದನ್ನು ಇನ್ನೊಬ್ಬರು ತೆಗೆಯುವ ಈ ಆಟಕ್ಕೆ ಹೆದರಿಕೆ ಆಗುತ್ತದೆ.

ಇನ್ನೂ ದೊಡ್ಡ ಹೆದರಿಕೆ ಅಕ್ಕಿಯದು. ಕಳೆದ ವರ್ಷ ರಾಜ್ಯ ಸರ್ಕಾರ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೊಳ್ಳಲು ಹೋದಾಗ, ದುಡ್ಡು ಕೊಡುತ್ತೇವೆ ಅಂದರೂ ಕೇಂದ್ರ ಕೊಡಲಿಲ್ಲ. ಕಿಲೋಗೆ 34ರಂತೆ ಐದು ಕಿಲೋಗೆ 170 ರೂಪಾಯಿ ಖಾತೆಗೆ ಹಾಕಿದರು. ಈ ಫೆಬ್ರವರಿಯಲ್ಲಿ ಕೇಂದ್ರವೇ 29 ರೂಪಾಯಿಗೆ ಭಾರತ್ ಅಕ್ಕಿ ಮಾರಲು ಹೊರಟಿತು. ತೋಟದ ಕೆಲಸದವರಿಗೆ ಇರುವ ನಮ್ಮ ಲೈನ್ ಮನೆಯ ಹೆಂಗಸೊಬ್ಬಳು ಕೇಳಿದ್ದು ಒಂದೇ ಮಾತು: "ಅಕ್ಕಾ, ಅಕ್ಕಿ ಇದೆಯಂತೆ, ದುಡ್ಡೂ ಇದೆಯಂತೆ, ಮತ್ತೆ ನಮಗೆ ಯಾಕೆ ಕೊಡುವುದಿಲ್ಲ?" ಆಕೆಗೆ ಏನು ಉತ್ತರ ಕೊಡಬೇಕಿತ್ತು ಅಂತ ಎರಡೂ ಪಕ್ಷದವರು ಹೇಳಿಕೊಡಬೇಕು.

ಬರ ಪರಿಹಾರದ್ದೂ ಅದೇ ಕತೆ. ರಾಜ್ಯ 18,171 ಕೋಟಿ ಕೇಳಿತು. ಫೆಬ್ರವರಿಯಲ್ಲಿ ಮುಖ್ಯಮಂತ್ರಿಗಳೇ ದೆಹಲಿಗೆ ಹೋಗಿ ಧರಣಿ ಕೂತರು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಯಾರು ಸರಿ, ಯಾರು ತಪ್ಪು ಅಂತ ಮನೆಯವರೂ ಮೈದುನನೂ ಇವತ್ತಿಗೂ ವಾದ ಮಾಡುತ್ತಾರೆ. ಆ ಹೊತ್ತಿಗೆ ನಮ್ಮ ತೋಟದ ಕೆಳಗಿನ ತೋಡು ಒಣಗಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬರಲಿಲ್ಲ. ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕಲು ನೀರೇ ಇರಲಿಲ್ಲ. ರೊಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ 10,000 ದಾಟಿದ್ದು ಈ ವರ್ಷವೇ. ಆ ರೇಟು ಬರುವಾಗ ನಮ್ಮಂಥ ಸಣ್ಣವರ ಗೋಡೌನು ಖಾಲಿ. ಮುಂದಿನ ಫಸಲಿಗೆ ಹೂವೇ ಅರ್ಧಂಬರ್ಧ.

ಹಾಗಾದರೆ ಎಲ್ಲ ಕಡೆ ಒಂದೇ ಪಕ್ಷ ಇದ್ದರೆ ಒಳ್ಳೆಯದಲ್ವಾ ಅಂತ ಮನೆಯವರು ಕೇಳುತ್ತಾರೆ. ಅದನ್ನೂ ನೋಡಿದ್ದೇವೆ. 2019ರಿಂದ 2023ರವರೆಗೆ ಕೇಂದ್ರ, ರಾಜ್ಯ, ಸಂಸದರು, ಇಬ್ಬರು ಶಾಸಕರು ಎಲ್ಲ ಬಿಜೆಪಿ. ಡಬಲ್ ಎಂಜಿನ್ ಅಂತ ಅವರೇ ಹೆಸರಿಟ್ಟಿದ್ದರು. ಆ ನಾಲ್ಕು ವರ್ಷದಲ್ಲಿ ಕೊಡಗಿನ ಒಬ್ಬರೂ ಮಂತ್ರಿ ಆಗಲಿಲ್ಲ. ಸ್ಪೀಕರ್ ಆಗಿದ್ದ ಹಿರಿಯರಿದ್ದರು, ಹಿಂದೆ ಮಂತ್ರಿಯಾಗಿದ್ದವರಿದ್ದರು, ಆದರೂ ಆಗಲಿಲ್ಲ. ಯಾಕೆ? 2008ರಿಂದ ಎರಡೂ ಸೀಟು ಅವರದೇ. ಇಲ್ಲಿ ಕೆಲಸ ಮಾಡಿದರೂ ಗೆಲ್ಲುತ್ತೇವೆ, ಮಾಡದಿದ್ದರೂ ಗೆಲ್ಲುತ್ತೇವೆ ಅಂತ ಅವರಿಗೆ ಧೈರ್ಯ. ಇಲ್ಲಿ ಏನು ಮಾಡಿದರೂ ಗೆಲ್ಲುವುದಿಲ್ಲ ಅಂತ ಕಾಂಗ್ರೆಸ್ಸಿಗೆ ಆಲಸ್ಯ. ಹದಿನೈದು ವರ್ಷ ನಡುವೆ ಸಿಕ್ಕಿದ್ದು ನಾವು. ಕಾಂಗ್ರೆಸ್ಸನ್ನೂ ಬಿಡುವ ಹಾಗಿಲ್ಲ. ಎರಡೂ ಸೀಟು ಕೊಟ್ಟ ಮೇಲೂ ಈ ಸಲ ಕೊಡಗಿನವರು ಮಂತ್ರಿ ಆಗಿಲ್ಲ. ಉಸ್ತುವಾರಿ ಸಚಿವ ಬೋಸರಾಜು ಅವರು ರಾಯಚೂರಿನವರು. ಪೊನ್ನಣ್ಣ ಅವರನ್ನು ಮುಖ್ಯಮಂತ್ರಿಗಳ ಕಾನೂನು ಸಲಹೆಗಾರರನ್ನಾಗಿ ಮಾಡಿದ್ದಾರೆ, ಅದು ಬೇರೆ.

ನಮ್ಮ ಸಂಖ್ಯೆ ಎಷ್ಟು ಹೇಳಿ? 224ರಲ್ಲಿ ಇಬ್ಬರು. ಲೋಕಸಭೆಗೆ ಮೈಸೂರಿನ ಆರು ಕ್ಷೇತ್ರದ ಜೊತೆ ನಮ್ಮ ಎರಡು. 2009ಕ್ಕೆ ಮೊದಲು ಮಂಗಳೂರಿಗೆ ಸೇರಿಸಿದ್ದರು. ಒಂದು ಕಾಲದಲ್ಲಿ ಕೊಡಗಿಗೇ 24 ಜನರ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆಗಿದ್ದರು. 1956ರ ನವೆಂಬರ್ 1ಕ್ಕೆ ಅದು ಮುಗಿಯಿತು. ಅದನ್ನು ನೆನೆಸಿಕೊಂಡು ಅಳುವ ವಯಸ್ಸು ನನ್ನದಲ್ಲ. ಹೇಳುವುದು ಇಷ್ಟೇ: ನಮ್ಮ ಸಂಖ್ಯೆಯಿಂದ ಯಾವ ಸರ್ಕಾರವೂ ಬೀಳುವುದಿಲ್ಲ, ಏಳುವುದಿಲ್ಲ. ನಮ್ಮ ಮಾತು ಕೇಳಿಸಬೇಕಾದರೆ ಇರುವುದು ಒಂದೇ ದಾರಿ. ಕೊಡಗನ್ನು ಗೆಲ್ಲಬಹುದು, ಸೋಲಲೂಬಹುದು ಅಂತ ಎರಡೂ ಕಡೆಯವರಿಗೆ ಅನ್ನಿಸಬೇಕು. ಕಳೆದ ವರ್ಷ ಇಬ್ಬರು ಶಾಸಕರೂ ಗೆದ್ದದ್ದು ನಾಲ್ಕು ಸಾವಿರ ಚಿಲ್ಲರೆ ಮತದಿಂದ. ಈ ವರ್ಷ ಸಂಸದ ಸ್ಥಾನ ಇನ್ನೊಂದು ಕಡೆಗೆ. ಈಗ ಇಬ್ಬರಿಗೂ ನಿದ್ದೆ ಸ್ವಲ್ಪ ಕಡಿಮೆ. ನನ್ನ ಆಸೆ ಇರುವುದು ಅಲ್ಲಿ.

ಇದು ಹೊಸದೇನೂ ಅಲ್ಲ. 2009ರಲ್ಲಿ ಇದೇ ಕ್ಷೇತ್ರದಿಂದ ಕಾಂಗ್ರೆಸ್‌ನ ಎಚ್. ವಿಶ್ವನಾಥ್ ಗೆದ್ದಿದ್ದರು. ಆಗ ಇಬ್ಬರು ಶಾಸಕರೂ ರಾಜ್ಯ ಸರ್ಕಾರವೂ ಬಿಜೆಪಿ. ಈಗಿನದನ್ನೇ ತಿರುಗಿಸಿ ಇಟ್ಟ ಹಾಗೆ. ಆಗಲೂ ಆಸೆ ಪಟ್ಟಿದ್ದೆವು. ಹಾಗಾಗಿ ಈಗ ಪಟಾಕಿ ಹೊಡೆಯುವಷ್ಟು ಉತ್ಸಾಹ ನನಗಿಲ್ಲ. ಪಟಾಕಿ ಆನೆ ಓಡಿಸಲು ಬೇಕಾಗುತ್ತದೆ.

ಆನೆಯ ವಿಷಯಕ್ಕೇ ಬರುತ್ತೇನೆ. ನಮ್ಮ ಕಡೆ ಆನೆಕಾಡು ಇದೆ, ಹಾರಂಗಿ ಹಿನ್ನೀರಿದೆ. ಆನೆಗಳು ಹೆದ್ದಾರಿ ದಾಟಿಕೊಂಡು ತೋಟಕ್ಕೆ ಬರುತ್ತವೆ. ಹಲಸು ಬಲಿಯುವ ಕಾಲದಲ್ಲಿ ಕೇಳುವುದೇ ಬೇಡ. ವಾಸನೆ ಹಿಡಿದು ಬರಬಾರದು ಅಂತ ಕಾಯಿ ಎಳೆಯದಾಗಿರುವಾಗಲೇ ಕೀಳಿಸಿ ಗುಂಡಿಯಲ್ಲಿ ಹೂತು ಹಾಕುತ್ತೇವೆ. ಅತ್ತೆಯವರು ನೆಟ್ಟ ಮರದ ಹಣ್ಣು ತಿನ್ನದೆ ಎಷ್ಟೋ ಕಾಲ ಆಯಿತು. ಬೆಳಿಗ್ಗೆ ಮೇಸ್ತ್ರಿ ಮೊದಲು ಒಂದು ಸುತ್ತು ಹೋಗಿ, ಲದ್ದಿ ಬಿಸಿ ಇದೆಯಾ ನೋಡಿ, ಆಮೇಲೆ ಕೆಲಸದವರನ್ನು ತೋಟಕ್ಕೆ ಬಿಡುತ್ತಾನೆ. ಅರಣ್ಯ ಇಲಾಖೆಯ ಆರ್‌ಆರ್‌ಟಿ (ತುರ್ತು ಸ್ಪಂದನಾ ತಂಡ) ಹುಡುಗರು ವಾಟ್ಸಾಪ್‌ನಲ್ಲಿ "ಇವತ್ತು ಇಂಥ ತೋಟದಲ್ಲಿ ಇದೆ" ಅಂತ ಹಾಕುತ್ತಾರೆ. ಅವರ ಬಗ್ಗೆ ದೂರಿಲ್ಲ, ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಾರೆ. ದೂರು ಕಾಗದಗಳ ಬಗ್ಗೆ. ಕಳೆದ ವರ್ಷ ಫಸಲು ಬರುವ ಗಿಡಗಳನ್ನು ಆನೆ ಬುಡಸಹಿತ ಮಲಗಿಸಿ, ನೀರಿನ ಪೈಪ್ ತುಳಿದು ಹೋಗಿತ್ತು. ಫೋಟೋ, ಆರ್‌ಟಿಸಿ (ಪಹಣಿ), ಬ್ಯಾಂಕ್ ಪುಸ್ತಕ ಎಲ್ಲ ಕೊಟ್ಟು ಅರ್ಜಿ ಹಾಕಿದೆವು. ಒಂದು ಕಚೇರಿಯಲ್ಲಿ ಆರ್‌ಟಿಸಿಯಲ್ಲಿ ಇನ್ನೂ ಮಾವನವರ ಹೆಸರಿದೆ ಅಂದರು. ಅದನ್ನು ಸರಿ ಮಾಡಿಸಲು ಹೋದರೆ ಇನ್ನೊಂದು ಕಚೇರಿಯಲ್ಲಿ ಸರ್ವೇಯರ್ ಇಲ್ಲ ಅಂದರು. ಅರ್ಜಿ ಇನ್ನೂ ಅಲ್ಲೇ ಇದೆ. ಕೊಡಗಿನಲ್ಲಿ ಈ ಕತೆ ಮನೆಗೊಂದು ಸಿಗುತ್ತದೆ.

ಆನೆ ತುಳಿದು ಸತ್ತವರ ಮನೆಯವರಿಗೆ ಪರಿಹಾರ ಕೊಡುತ್ತಾರೆ. ಕೊಡಲೇಬೇಕು. ಆದರೆ ಸಾಯದ ಹಾಗೆ ಮಾಡುವುದಕ್ಕೆ ಇರುವ ಉಪಾಯಗಳಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡಿದ್ದು ರೈಲು ಕಂಬಿಯ ಬೇಲಿ. ಕಂದಕ ತೋಡಿದರೆ ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಮಣ್ಣು ಜಾರಿ ಮುಚ್ಚಿಹೋಗುತ್ತದೆ. ಸೋಲಾರ್ ಬೇಲಿಯ ಮೇಲೆ ಮರ ಬೀಳಿಸಿ ದಾಟಲು ಆನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಬಿ ಬೇಲಿಯೂ ಪರಿಪೂರ್ಣ ಅಲ್ಲ. 2018ರಲ್ಲಿ ನಾಗರಹೊಳೆಯ ಅಂಚಿನಲ್ಲಿ ಒಂದು ಸಲಗ ಅದನ್ನು ದಾಟಲು ಹೋಗಿ ಸಿಕ್ಕಿಕೊಂಡು ಸತ್ತಿತು, ಆ ಚಿತ್ರ ನೋಡಿ ಊಟ ಸೇರಲಿಲ್ಲ. ಒಂದು ಕಡೆ ಮಾತ್ರ ಬೇಲಿ ಹಾಕಿದರೆ ಆನೆ ಪಕ್ಕದ ಊರಿಗೆ ಹೋಗುತ್ತದೆ. ತೋಟದಲ್ಲೇ ಹುಟ್ಟಿ ಬೆಳೆದ ಆನೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬೇರೆ ಇದೆ. ಇಷ್ಟಾದರೂ ಬೇಲಿ ಪೂರ್ತಿ ಆದ ಕಡೆ ಜನ ಸ್ವಲ್ಪ ಉಸಿರಾಡುತ್ತಿದ್ದಾರೆ.

ಈ ಬೇಲಿ ಹೇಗೆ ಆಗುತ್ತದೆ ನೋಡಿ. ಹಾಕುವುದು ರಾಜ್ಯದ ಅರಣ್ಯ ಇಲಾಖೆ. ಹಳೆಯ ಕಂಬಿ ಇರುವುದು ಕೇಂದ್ರದ ರೈಲ್ವೆ ಹತ್ತಿರ. ಕಿಲೋಮೀಟರಿಗೆ ಕೋಟಿ ರೂಪಾಯಿ ಮೀರುತ್ತದೆ. ರೈಲ್ವೆ ಕಂಬಿ ಕೊಡದಿದ್ದರೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಕಾಗದದ ಮೇಲೆ ಬೇಲಿ ಹಾಕಬೇಕು. ರಾಜ್ಯ ದುಡ್ಡು ಇಡದಿದ್ದರೆ ರೈಲ್ವೆಯ ಕಂಬಿ ಯಾರ್ಡಿನಲ್ಲಿ ತುಕ್ಕು ಹಿಡಿಯಬೇಕು. ಎರಡು ಕೈ ಸೇರದೆ ಆಗದ ಕೆಲಸ ಇದು. ಜೂನ್ 10ಕ್ಕೆ ಖಾತೆ ಹಂಚಿದಾಗ ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರಾದರು ಅಂತ ಓದಿ ನಾನು ಪೇಪರ್ ಕೆಳಗಿಟ್ಟು ಮನೆಯವರನ್ನು ಕರೆದೆ. ಸೋಮಣ್ಣ ಇದೇ ಕೊಡಗಿನ ಉಸ್ತುವಾರಿ ಸಚಿವರಾಗಿದ್ದವರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದಾಗ ಮಳೆಯಲ್ಲಿ ಇಲ್ಲೇ ಓಡಾಡಿದವರು. ಕೊಡಗು ಎಲ್ಲಿದೆ ಅಂತ ಅವರಿಗೆ ನಕ್ಷೆ ತೋರಿಸುವ ಅಗತ್ಯ ಇಲ್ಲ. ಯದುವೀರ್ ಅವರು ದೆಹಲಿಯಲ್ಲಿ ಮೊದಲು ಬಡಿಯಬೇಕಾದ ಬಾಗಿಲು ಸೋಮಣ್ಣನವರದು, ಜೊತೆಗೆ ಇಬ್ಬರು ಶಾಸಕರನ್ನೂ ಕರೆದುಕೊಂಡು ಹೋಗಬೇಕು. ರಾಜ್ಯ ಎಷ್ಟು ಕಿಲೋಮೀಟರಿಗೆ ದುಡ್ಡು ಇಟ್ಟಿದೆ ಎಂಬ ಕಾಗದ ಶಾಸಕರ ಕೈಯಲ್ಲಿರಬೇಕು.

ಹೆದ್ದಾರಿಯದೂ ಹೀಗೇ. ಶ್ರೀರಂಗಪಟ್ಟಣದಿಂದ ಗುಡ್ಡೆಹೊಸೂರಿಗೆ 92 ಕಿಲೋಮೀಟರ್ ನಾಲ್ಕು ಪಥ, 4,130 ಕೋಟಿ. ಹಣ ಕೇಂದ್ರದ್ದು, ಜಾಗ ಬಿಡಿಸಿಕೊಡಬೇಕಾದವರು ರಾಜ್ಯದ ಕಂದಾಯ ಅಧಿಕಾರಿಗಳು. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ, ಕಾಫಿ ಗಿಡ ನಿಂತಿರುವ ಜಾಗದ ದಾಖಲೆ ಮತ್ತು ಪಂಪಿನ ಕರೆಂಟು ರಾಜ್ಯದ ಕೆಳಗೆ. ಕುಶಾಲನಗರಕ್ಕೆ ರೈಲು ತರುವ ವಿಷಯ ನಾನು ಎತ್ತುವುದಿಲ್ಲ. ಬೇಕು ಅನ್ನುವವರೂ ಬೇಡ ಅನ್ನುವವರೂ ನಮ್ಮ ಮನೆಯಲ್ಲೇ ಇದ್ದಾರೆ.

ಒಟ್ಟಿಗೆ ಬರದೆ ಹೋದರೆ ಏನಾಗುತ್ತದೆ ಅಂತ ಮಡಿಕೇರಿ ಒಮ್ಮೆ ನೋಡಿದೆ. 2018ರ ಆಗಸ್ಟ್. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡ ಜಾರಿ ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಕೇಂದ್ರದ ರಕ್ಷಣಾ ಸಚಿವರಾಗಿದ್ದ ನಿರ್ಮಲಾ ಸೀತಾರಾಮನ್ ಬಂದರು. ಅವರಿಗೂ ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ಅವರಿಗೂ ಎಲ್ಲರ ಎದುರೇ ಮಾತಿಗೆ ಮಾತು ಬೆಳೆಯಿತು. ಯಾರಿಗೆ ಎಷ್ಟು ನಿಮಿಷ ಕೊಟ್ಟಿದ್ದಾರೆ ಎಂಬ ವಿಷಯಕ್ಕೆ! ಮರುದಿನ ಅದೇ ದೊಡ್ಡ ಸುದ್ದಿ, ಕುಸಿದ ಗುಡ್ಡ ಒಳಪುಟಕ್ಕೆ ಹೋಯಿತು. ಅವತ್ತು ಜಗಳ ಆಡಿದ ಬಿಜೆಪಿ, ಜೆಡಿಎಸ್ ಎರಡೂ ಈಗ ಒಂದೇ ಕಡೆ. ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ನಮ್ಮ ಪಂಚಾಯಿತಿಯಲ್ಲಿ ಆದದ್ದನ್ನು ಹೇಳುತ್ತೇನೆ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಆದರೆ ಯಾರು ಯಾವ ಕಡೆ ಅಂತ ಊರಿನ ನಾಯಿಗೂ ಗೊತ್ತು. ಮೀಸಲಾತಿಯಿಂದಾಗಿ ಅಧ್ಯಕ್ಷರು ಒಂದು ಗುಂಪಿನವರು, ಉಪಾಧ್ಯಕ್ಷರು ಇನ್ನೊಂದು ಗುಂಪಿನವರು ಆದರು. ಮೊದಲ ಕೆಲವು ತಿಂಗಳು ಸಭೆ ಅಂದರೆ ಬರೀ ಕೂಗಾಟ. ನಮ್ಮ ವಾರ್ಡಿನಲ್ಲಿ ಶಾಲೆ ಮಕ್ಕಳು ದಾಟುವ ತೋಡಿಗೆ ಒಂದು ಮೋರಿ ಬೇಕಿತ್ತು. ಒಬ್ಬರು ಶಾಸಕರ ಅನುದಾನ ತರುತ್ತೇನೆ ಅಂದರು. ಇನ್ನೊಬ್ಬರು ನರೇಗಾದಲ್ಲಿ ಮಾಡಿಸುತ್ತೇನೆ ಅಂದರು. ಇಬ್ಬರಿಗೂ ಹೆಸರು ಬೇಕು. ಕೊನೆಗೆ ಪಿಡಿಒ ಬುದ್ಧಿವಂತಿಕೆಯಿಂದ ಮೋರಿ ಒಂದರಲ್ಲಿ, ಎರಡು ಕಡೆಯ ತಡೆಗೋಡೆ ಇನ್ನೊಂದರಲ್ಲಿ ಸೇರಿಸಿದರು. ಈಗ ಹೋಗಿ ನೋಡಿ, ಆ ಕಡೆ ಒಂದು ನಾಮಫಲಕ, ಈ ಕಡೆ ಒಂದು. ಫಲಕ ಓದುವವರು ಯಾರೂ ಇಲ್ಲ, ಮಕ್ಕಳು ಮಾತ್ರ ಬೂಟು ಒದ್ದೆ ಮಾಡಿಕೊಳ್ಳದೆ ದಾಟುತ್ತಾರೆ. ರಾಜಕಾರಣಿಗಳ ಹೆಸರಿನ ಆಸೆಯನ್ನು ನಾನು ಬೈಯುವುದಿಲ್ಲ. ಅದು ಇರಲಿ, ಇಬ್ಬರಿಗೂ ಇರಲಿ.

ಈಗ ನನ್ನ ಕೋರಿಕೆ. ಜಿಲ್ಲೆಯಲ್ಲಿ ಎರಡು ದೊಡ್ಡ ಸಭೆ ನಡೆಯುತ್ತವೆ. ಒಂದು ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ಪರಿಶೀಲನಾ ಸಭೆ, ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ. ಇನ್ನೊಂದು ದಿಶಾ, ಅಂದರೆ ಜಿಲ್ಲಾ ಅಭಿವೃದ್ಧಿ ಸಮನ್ವಯ ಮತ್ತು ಉಸ್ತುವಾರಿ ಸಮಿತಿ, ಸಂಸದರ ಅಧ್ಯಕ್ಷತೆಯಲ್ಲಿ. ಶಾಸಕರೂ ಅದರ ಸದಸ್ಯರು. ಎರಡೂ ಮೂರು ತಿಂಗಳಿಗೊಮ್ಮೆ ನಡೆಯಬೇಕು. ಅಧಿಕಾರಿಗಳು ಎರಡಕ್ಕೂ ಅದೇ ಫೈಲ್ ಹಿಡಿದುಕೊಂಡು ಬರುತ್ತಾರೆ. ನನ್ನ ಭಯ ಏನೆಂದರೆ ಇನ್ನು ಕೆಡಿಪಿಗೆ ಒಬ್ಬರು, ದಿಶಾಗೆ ಒಬ್ಬರು ಅಂತ ಆಗಿಬಿಡಬಹುದು. ಒಂದರಲ್ಲಿ "ಕೇಂದ್ರ ಕೊಟ್ಟಿಲ್ಲ" ಅಂತ, ಇನ್ನೊಂದರಲ್ಲಿ "ರಾಜ್ಯ ಕೊಟ್ಟಿಲ್ಲ" ಅಂತ ನಡಾವಳಿ ಬರೆದು, ಟೀ ಕುಡಿದು ಎದ್ದು ಹೋಗಬಹುದು. ಪೆಟ್ರೋಲಿಗೆ ರಾಜ್ಯ ಮೊನ್ನೆ ಮೂರು ರೂಪಾಯಿ ಏರಿಸಿದ್ದಕ್ಕೆ ಆಗಲೇ ಬೀದಿಯಲ್ಲಿ ಕೂಗು ಶುರುವಾಗಿದೆ. ಫಲಿತಾಂಶ ಬಂದು ಹೆಚ್ಚು ದಿನ ಆಗಿಲ್ಲ.

ಯದುವೀರ್ ಅವರಿಗೆ ಇದು ಮೊದಲ ಚುನಾವಣೆ. ಇಲ್ಲಿ ಯಾರ ಜೊತೆಯೂ ಹಳೆಯ ಹಗೆ ಇಲ್ಲ. ಅವರದೇ ಮನೆತನದ ಶ್ರೀಕಂಠದತ್ತ ಒಡೆಯರ್ ಮೈಸೂರಿನಿಂದ ಕಾಂಗ್ರೆಸ್ಸಿನಲ್ಲೇ ನಾಲ್ಕು ಸಲ ಗೆದ್ದವರು. ಹಾಗಾಗಿ ಕಾಂಗ್ರೆಸ್ ಶಾಸಕರ ಪಕ್ಕ ಕೂರಲು ಅವರಿಗೆ ಕಷ್ಟ ಆಗಬಾರದು. 1,39,262 ಮತದಿಂದ ಗೆದ್ದವರು ಯಾರಿಗೂ ಹೆದರಬೇಕಾಗಿಯೂ ಇಲ್ಲ. ಮೊದಲ ದಿಶಾ ಸಭೆಯನ್ನು ಮೈಸೂರಿನ ಸಭೆಗೆ ಬಾಲವಾಗಿ ಸೇರಿಸದೆ ಮಡಿಕೇರಿಯಲ್ಲೇ ಪೂರ್ತಿ ದಿನ ಇಡಲಿ. ಆನೆ ಬೇಲಿಯ ವಿಷಯ ಕಾರ್ಯಸೂಚಿಯಲ್ಲಿ ಮೊದಲು ಬರಲಿ. "ಇತರೆ ವಿಷಯಗಳು" ಅಂತ ಕೊನೆಗೆ ಹಾಕಿದರೆ ಅಷ್ಟು ಹೊತ್ತಿಗೆ ಎಲ್ಲರ ಕಾರು ಹೊರಟಿರುತ್ತದೆ.

ನಿಮ್ಮ ಪತ್ರಿಕೆಯಿಂದಲೂ ಒಂದು ಸಹಾಯ ಬೇಕು. ಸಭೆಯ ಸುದ್ದಿ ಹಾಕುವಾಗ "ಅಧಿಕಾರಿಗಳಿಗೆ ತರಾಟೆ" ಅಂತ ತಲೆಬರಹ ಕೊಟ್ಟು ಮುಗಿಸಬೇಡಿ. ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರು ಅರ್ಧಕ್ಕೆ ಎದ್ದು ಹೋದರು ಅಂತ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಹಾಕಿ. ಹಿಂದಿನ ಸಭೆಯಲ್ಲಿ ಒಪ್ಪಿಕೊಂಡಿದ್ದರಲ್ಲಿ ಎಷ್ಟಾಯಿತು ಅಂತ ಕೇಳಿ ಬರೆಯಿರಿ. ಕೆಡಿಪಿಗೆ ಸಂಸದರು ಬರದಿದ್ದರೆ ನಮ್ಮ ಮನೆಯವರು ಉತ್ತರ ಹೇಳಬೇಕು, ದಿಶಾಗೆ ಶಾಸಕರು ಬರದಿದ್ದರೆ ಮೈದುನ ಹೇಳಬೇಕು ಅಂತ ನಮ್ಮ ಮನೆಯಲ್ಲಿ ಆಗಲೇ ತೀರ್ಮಾನ ಆಗಿದೆ. ಇಬ್ಬರೂ ಒಪ್ಪಿದ್ದಾರೆ, ಇಷ್ಟ ಇಲ್ಲದಿದ್ದರೂ.

ದಿಶಾ ಸಭೆಯ ದಿನಾಂಕ ಗೊತ್ತಾದರೆ ದಯವಿಟ್ಟು ಒಂದು ವಾರ ಮುಂಚೆಯೇ ಪ್ರಕಟಿಸಿ. ನನ್ನ ಅರ್ಜಿಯ ನಂಬರನ್ನು ಮೂವರಿಗೂ ಪೋಸ್ಟ್ ಮಾಡಬೇಕು.

ಇಂತಿ,
ಸಣ್ಣ ಕಾಫಿ ಬೆಳೆಗಾರ್ತಿ,
ಸುಂಟಿಕೊಪ್ಪ, ಕೊಡಗು